ವಿಳಂಬಕ್ಕೂ ಬಡ್ಡಿಯುಂಟು

ಸರಕು ಪೂರೈಸಿದ ಸಣ್ಣ ಉದ್ದಿಮೆಗೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗದಿದ್ದರೆ ಬಡ್ಡಿ ಸಲ್ಲಬೇಕೆಂದು 2006ರ ಕಾಯ್ದೆ ವಿಧಿಸಿದೆ. ಇದನ್ನು ಬಲ್ಲ ಉದ್ದಿಮೆದಾರರೇ ಬೆಂಗಳೂರಿನಲ್ಲಿ ಫ್ಲ್ಯಾಟ್ ಖರೀದಿಸಿದಾಗ ಬಿಲ್ಡರನ ವಿಳಂಬವನ್ನು ಹಣೆಬರಹವೆಂದು ಸಹಿಸಿಕೊಳ್ಳುವುದು ವಿಪರ್ಯಾಸ. ವ್ಯವಹಾರದಿಂದ ತೆಗೆದ ಬಂಡವಾಳ ಅಲ್ಲಿ ಸಿಲುಕುತ್ತದೆ. ಇತ್ತ ಬಾಡಿಗೆಯೂ ಸಾಲದ ಕಂತೂ ತಪ್ಪುವುದಿಲ್ಲ.

2016ರ ರೇರಾ ಕಾಯ್ದೆಯ 18ನೇ ಕಲಮು ಖರೀದಿದಾರನಿಗೆ ಎರಡು ಮಾರ್ಗಗಳನ್ನು ನೀಡಿದೆ: ಒಪ್ಪಂದದಿಂದ ಹೊರಬಂದು ಬಡ್ಡಿಸಮೇತ ಹಣ ಹಿಂಪಡೆಯುವುದು, ಇಲ್ಲವೇ ಮನೆಯನ್ನು ಉಳಿಸಿಕೊಂಡು, ಸ್ವಾಧೀನ ದೊರೆಯುವವರೆಗೆ ಪ್ರತಿ ತಿಂಗಳ ವಿಳಂಬಕ್ಕೂ ಬಡ್ಡಿ ಪಡೆಯುವುದು. ಕರ್ನಾಟಕದ 2017ರ ನಿಯಮಗಳನ್ವಯ ಈ ದರವು ಭಾರತೀಯ ಸ್ಟೇಟ್ ಬ್ಯಾಂಕಿನ ಎಂ.ಸಿ.ಎಲ್.ಆರ್.ಗಿಂತ ಶೇ. 2ರಷ್ಟು ಅಧಿಕ. ದರ ಶೇ. 11 ಎಂದಿಟ್ಟುಕೊಂಡರೆ, 60 ಲಕ್ಷ ರೂ. ಪಾವತಿಸಿದವರಿಗೆ ತಿಂಗಳಿಗೆ 55,000 ರೂ. ಸಲ್ಲುತ್ತದೆ.

ಈ ಹಕ್ಕು ನಿಂತಿರುವುದು ದಾಖಲೆಗಳ ಮೇಲೆ. ನೋಂದಾಯಿತ ಒಪ್ಪಂದವಿಲ್ಲದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆ ಒಪ್ಪಂದದಲ್ಲಿ ಸ್ವಾಧೀನದ ದಿನಾಂಕ ಸ್ಪಷ್ಟವಾಗಿರಬೇಕು. ಕೀಲಿಕೈ ಪಡೆಯುವ ಆತುರದಲ್ಲಿ "ಯಾವುದೇ ಬಾಕಿ ಇಲ್ಲ" ಎಂಬ ಪತ್ರಕ್ಕೆ ಸಹಿ ಹಾಕುವುದು ತರವಲ್ಲ. ಕಂತು ತಡೆಹಿಡಿಯುವುದೂ ಜಾಣತನವಲ್ಲ. ತಡವಾದ ಕಂತಿಗೆ ಖರೀದಿದಾರನೂ ಅದೇ ದರದ ಬಡ್ಡಿ ತೆರಬೇಕಾಗುತ್ತದೆ.

ಪ್ರಾಧಿಕಾರದ ಆದೇಶ ಬಂದ ಮಾತ್ರಕ್ಕೆ ಹಣ ಕೈಸೇರದು. ಬಿಲ್ಡರ್ ಪಾವತಿಸದಿದ್ದಲ್ಲಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕಾದುದು ಕಂದಾಯ ಇಲಾಖೆ. ಈ ವಸೂಲಿಗೂ ಕಟ್ಟುನಿಟ್ಟಾದ ಕಾಲಮಿತಿ ಬೇಕು. ಇಲ್ಲವಾದರೆ ವಿಳಂಬಕ್ಕೆ ಪರಿಹಾರವಾಗಿ ಬಂದ ಕಾನೂನೇ ವಿಳಂಬಕ್ಕೆ ತುತ್ತಾಗುತ್ತದೆ. ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಇದು.