ಕುಲಿ ಬೇರೆ, ಕೂಲಿ ಬೇರೆ

ಜಹೀರಾಬಾದಿನಿಂದ ಬೀದರ ಎಷ್ಟು ದೂರ? ಕಣ್ಣು ಮುಚ್ಚಿ ಒಂದು ಜೊಂಪು ತೆಗೆಯುವಷ್ಟರಲ್ಲಿ ಬಸ್ಸು ಮುಟ್ಟಿರುತ್ತದೆ. ಅದೇ ಬೀದರಿನ ಬಹಮನಿ ದರಬಾರಿಗೆ ಹಮದಾನಿನ ತುರ್ಕಮಾನ್ ತರುಣನೊಬ್ಬ ಬಂದು ಚಾಕರಿ ಹಿಡಿದ. ಗೋಲ್ಕೊಂಡದ ಕುತುಬ್‌ಶಾಹಿ ಮನೆತನದ ಮೂಲಪುರುಷ, ಸುಲ್ತಾನ್ ಕುಲಿ. ಹೆಸರಿನ ಮೊದಲರ್ಧ ಅರಸ, ಉಳಿದರ್ಧ ಗುಲಾಮ! ತುರ್ಕಿ ಮಾತುಗಳಲ್ಲಿ 'ಕುಲ್' ಎಂದರೆ ಗುಲಾಮ. ಅಲಿ ಕುಲಿ, ಇಮಾಮ್ ಕುಲಿ ಎಂಬವು ನಮ್ಮ ಹರಿದಾಸ, ಶಿವದಾಸರ ಹಾಗೆ ಭಕ್ತಿಯ ಹೆಸರುಗಳು. 1591ರಲ್ಲಿ ಚಾರ್‌ಮಿನಾರ್ ಕಟ್ಟಿಸಿದ, ಸುಲ್ತಾನ್ ಕುಲಿಯ ಮೊಮ್ಮಗನೂ ಮಹಮ್ಮದ್ ಕುಲಿಯೇ.

ಈ ಮಾತು ಬಹಳ ಹಳೆಯದು. ಮಂಗೋಲಿಯದ ಓರ್ಖಾನ್ ಕಣಿವೆಯ ಎಂಟನೆಯ ಶತಮಾನದ ಕಲ್ಲುಬರಹದಲ್ಲಿ, ತುರ್ಕರ ಕುಲೀನರ ಮಕ್ಕಳು ಚೀನೀಯರಿಗೆ 'ಕುಲ್' ಆದರೆಂಬ ಅಳಲಿದೆ. ಅದಕ್ಕೂ ಹಿಂದಿನ, ಯಾರೂ ಬರೆದಿಡದ ರೂಪವನ್ನು ಭಾಷಾವಿಜ್ಞಾನಿಗಳು ಇಂದಿನ ತುರ್ಕಿ, ಉಜ್ಬೆಕ್, ಕಝಕ್ ನುಡಿಗಳನ್ನು ತಾಳೆ ನೋಡಿ ಕಟ್ಟುತ್ತಾರೆ. ಹಾಗೆ ಕಟ್ಟಿದ ಪದದ ಮುಂದೆ ಒಂದು ಚುಕ್ಕಿ ಗುರುತು (*) ಇಡುವುದು ವಾಡಿಕೆ. ಕಂಡದ್ದಲ್ಲ, ಊಹಿಸಿದ್ದು ಎಂಬ ಪ್ರಾಮಾಣಿಕತೆ ಅದು. ನಮ್ಮ ಊರಿನ ಹೆಸರುಗಳಿಗೆ ಕತೆ ಹೆಣೆಯುವವರೂ ಇಂಥದೊಂದು ಚುಕ್ಕಿ ಇಟ್ಟರೆ ಚೆನ್ನಾಗಿತ್ತು.

ಹೊಲಕ್ಕೆ ಕರೆಯುವ 'ಕೂಲಿ'ಯೂ ಈ ಕುಲ್‌ನಿಂದಲೇ ಬಂತೆ? ಇಂಗ್ಲಿಷರು ಕಡಲಾಚೆ ಸಾಗಿಸಿದ ಆಳುಗಳಿಗಿಟ್ಟ 'ಕೂಲಿ' ಎಂಬ ಹೆಸರಿನ ಬಗ್ಗೆ ಪಂಡಿತರಲ್ಲಿ ಜಗಳವಿದೆ. ತುರ್ಕಿಯ ಕುಲ್ ಎನ್ನುವವರಿದ್ದಾರೆ, ಗುಜರಾತಿನ ಕೋಳಿ ಜನಾಂಗ ಎನ್ನುವವರಿದ್ದಾರೆ, ತಮಿಳಿನ ಕೂಲಿ ಎನ್ನುವವರೂ ಇದ್ದಾರೆ. ಅವರ ಜಗಳ ಅವರಿಗಿರಲಿ. ಕನ್ನಡ, ತೆಲುಗು, ತಮಿಳು, ಮಲಯಾಳಗಳ ಕೂಲಿ ದ್ರಾವಿಡ ಬೇರಿನದು, ಅದರ ಮೊದಲ ಅರ್ಥ ದುಡಿಮೆಗೆ ಸಲ್ಲುವ ಸಂಬಳ. ಆಳಿಗಲ್ಲ, ಆಳಿನ ಕೈಗೆ ಬೀಳುವ ದುಡ್ಡಿಗೆ ಇಟ್ಟ ಹೆಸರು. ಗುಲಾಮನಿಗೆ ಅದು ಸಿಗುತ್ತಿರಲಿಲ್ಲ. ದೀರ್ಘವೊಂದು ಕಳೆದರೆ ಎಷ್ಟು ಕಳೆಯುತ್ತದೆ ನೋಡಿ.

ಈ ಕೂಲಿಗೆ ರಾಜ್ಯದ ಗಡಿಯೂ ಲೆಕ್ಕಕ್ಕಿಲ್ಲ. ಮೊದಲು ಜಹೀರಾಬಾದ್, ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾದಲ್ಲಿತ್ತು. 1956ರ ನವೆಂಬರ್ 1ರಂದು ಮೂರೂ ಆಂಧ್ರಕ್ಕೆ ಹೋದವು. ಗಡಿ ಸರಿದರೂ ಕೂಲಿಗೆ ಹೊಸ ಪದ ಹುಡುಕಬೇಕಾಗಲಿಲ್ಲ, ತೆಲುಗಿನಲ್ಲೂ ಅದು ಕೂಲಿಯೇ. ಆದರೆ ಉರ್ದು ಬಲ್ಲವರ ಬಾಯಲ್ಲಿ, ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹೊರುವವನು 'ಕುಲಿ'. 2016ರ ರೈಲ್ವೆ ಬಜೆಟ್ ಅವನನ್ನು 'ಸಹಾಯಕ' ಎಂದು ಕರೆಯಲು ಹೇಳಿತು. ತೊಗರಿ ಕೊಯ್ಲಿಗೆ ಹೊರಟ ಹೆಣ್ಣುಮಕ್ಕಳು ಮಾತ್ರ ಕೇಳುವುದು ಇಷ್ಟೇ: 'ಇವತ್ತ ಕೂಲಿ ಎಷ್ಟ್ರೀ?'