ನಿಮ್ಮ ಪಟ್ಟಿಯೊಳಗ ನನ್ನ ಹೆಸರು

ಎರಡು ತಿಂಗಳ ಹಿಂದೆ ಒಂದು ಸಣ್ಣ ಪುಸ್ತಕದ ಅನುವಾದ ಕೈಗೆ ಬಂತು. ಕ್ರೈಸ್ತ ನಂಬಿಕೆಯ ಮುಖ್ಯ ಪದಗಳನ್ನು ಸಾಮಾನ್ಯ ಓದುಗರಿಗೆ ವಿವರಿಸುವ ಇಂಗ್ಲಿಷ್ ಪುಸ್ತಕ. ಪ್ರಿಡೆಸ್ಟಿನೇಶನ್ ಎಂಬ ಅಧ್ಯಾಯದ ಹತ್ತಿರ ಬಂದು ನಿಂತೆ. ಯಾರಿಗೆ ರಕ್ಷಣೆ ಸಿಗಬೇಕು ಎಂಬುದನ್ನು ದೇವರು ಲೋಕ ಹುಟ್ಟುವ ಮೊದಲೇ ತೀರ್ಮಾನಿಸಿದ್ದಾನೆ ಎನ್ನುವ ಸಿದ್ಧಾಂತ ಅದು. ಪೂರ್ವನಿರ್ಣಯ ಎಂದು ಬರೆಯಬಹುದು. ಆದರೆ ಆ ಪದ ಕೇಳಿದರೆ ಯಾರ ಎದೆಯೂ ನಡುಗುವುದಿಲ್ಲ, ಪಂಚಾಯಿತಿಯ ಠರಾವು ಕೇಳಿದ ಹಾಗಿರುತ್ತದೆ. ಅದಕ್ಕೇ ಒಂದು ವಾಕ್ಯ ನಾನಾಗಿ ಸೇರಿಸಿದೆ: ನಮ್ಮ ಜನ ಹಣೆಬರಹ ಎನ್ನುವುದಕ್ಕೆ ಇದು ಹತ್ತಿರ.

ನನ್ನ ಕರಡನ್ನು ಮೊದಲು ಓದುವವನು ಒಬ್ಬ ಗೆಳೆಯ. ರಾಯಚೂರಿನ ಮಾಧ್ವರ ಮನೆಯವನು, ಇಲ್ಲಿ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಕೆಲಸ, ದೇವರಲ್ಲಿ ನಂಬಿಕೆಯಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಪರಿಚಯವಾದದ್ದು. 2021ರ ಎರಡನೇ ಅಲೆಯಲ್ಲಿ ಅವನ ಅಣ್ಣ ತೀರಿಕೊಂಡ. ಮಾತಾಡಿಸಲು ಬಂದವರು, ಫೋನ್ ಮಾಡಿದವರು, ಎಲ್ಲರೂ ಅಂದದ್ದು ಒಂದೇ ಮಾತು: ಹಣೆಬರಹ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದಿದ್ದೆ.

ಇರಾನಿ ಹೋಟೆಲಿನ ಮೇಜಿನ ಮೇಲೆ ಹಾಳೆ ಇಟ್ಟು ಅವನು ಕೇಳಿದ: “ಸೀದಾ ಹೇಳು. ನಿಮ್ಮ ಪಟ್ಟಿಯೊಳಗ ನನ್ನ ಹೆಸರು ಅದನೋ ಇಲ್ಲೋ? ನಮ್ಮಣ್ಣಂದು?”

ಮೊದಲು ನಾನು ಜಾರಿಕೊಂಡೆ. ನಮ್ಮದು ಬೀದರಿನ ಮೆಥೊಡಿಸ್ಟ್ ಕುಟುಂಬ. ನಮ್ಮ ಪಂಥವನ್ನು ಶುರುಮಾಡಿದ ಜಾನ್ ವೆಸ್ಲಿ ಈ ಸಿದ್ಧಾಂತದ ಕಡು ವಿರೋಧಿ. ಕೃಪೆ ಎಲ್ಲರಿಗೂ ತೆರೆದಿದೆ, ಅದನ್ನು ತಳ್ಳಿಬಿಡುವ ಸ್ವಾತಂತ್ರ್ಯವೂ ಮನುಷ್ಯನಿಗಿದೆ ಎಂದವನು. ಹಾಗಾಗಿ ಇದು ನಮ್ಮದಲ್ಲ, ಕ್ಯಾಲ್ವಿನ್‌ನ ದಾರಿಯವರದು ಎಂದೆ. “ಅನುವಾದ ನಿಂದಲ್ಲೇನು?” ಎಂದ.

ನನ್ನದೇ. ಆದ್ದರಿಂದ ಮೂಲ ಪದದಿಂದ ಶುರುಮಾಡಿದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅದು ಪ್ರೊಒರಿಜೊ ಎಂಬ ಕ್ರಿಯಾಪದ. ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಆರೇ ಸಲ. ‘ಪ್ರೊ’ ಅಂದರೆ ಮೊದಲೇ. ‘ಒರಿಜೊ’ ಅಂದರೆ ಎಲ್ಲೆ ಗುರುತಿಸು. ಇಂಗ್ಲಿಷಿನ ಹೊರೈಜನ್ ಬಂದದ್ದೂ ಅದೇ ಬೇರಿನಿಂದ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಹದ್ದುಬಸ್ತು. ಅವನು ನಕ್ಕ. “ಹದ್ದುಬಸ್ತಿಗೆ ಬಾಜುದಾರರಿಗೆ ನೋಟಿಸರೆ ಕೊಡ್ತಾರ. ನಿಮ್ಮಾಂವ ಅದನ್ನೂ ಕೊಟ್ಟಿಲ್ಲ.”

ಹಣೆಬರಹಕ್ಕೂ ಇದಕ್ಕೂ ಇರುವ ಅಂತರ ನನಗೆ ಸ್ಪಷ್ಟವಾದದ್ದು ಅವನಿಗೆ ವಿವರಿಸುವಾಗಲೇ. ಮಗು ಹುಟ್ಟಿದ ಕೆಲವೇ ದಿನಕ್ಕೆ ಶೆಟಿಗೆವ್ವ ಬರೆದು ಹೋಗುವುದು ಇಡೀ ಬಾಳನ್ನು: ಮದುವೆ, ಅನ್ನ, ರೋಗ, ಸಾವಿನ ದಿನ. ಅದರ ಹಿಂದೆ ಹಳೆಯ ಜನ್ಮದ ಲೆಕ್ಕವೂ ಇರುತ್ತದೆ. ಪ್ರಿಡೆಸ್ಟಿನೇಶನ್ ಆಸ್ಪತ್ರೆಯಲ್ಲಿ ಆಕ್ಸಿಜನ್ ಯಾಕೆ ಸಿಗಲಿಲ್ಲ ಎಂಬುದರ ಮಾತಲ್ಲ. ದಿನದಿನದ ಘಟನೆಗಳನ್ನು ದೇವರು ಹೇಗೆ ನಡೆಸುತ್ತಾನೆ ಎಂಬುದಕ್ಕೆ ಆ ದೇವಶಾಸ್ತ್ರದಲ್ಲಿ ಬೇರೆ ಅಧ್ಯಾಯವಿದೆ. ಇದು ಕಟ್ಟಕಡೆಗೆ ಯಾರು ದೇವರ ಬಳಿ ಸೇರುತ್ತಾರೆ ಎಂಬುದಷ್ಟನ್ನೇ ಹೇಳುತ್ತದೆ. ಮುಖ್ಯವಾಗಿ, ಇದರ ಹಿಂದೆ ಲೆಕ್ಕವೇ ಇಲ್ಲ. ರೋಮಾಪುರದವರಿಗೆ ಬರೆದ ಪತ್ರದ ಒಂಬತ್ತನೇ ಅಧ್ಯಾಯದಲ್ಲಿ ಪೌಲ ಅವಳಿಗಳ ಉದಾಹರಣೆ ಕೊಡುವುದು ಇದಕ್ಕೇ. ಯಾಕೋಬ, ಏಸಾವ ಇಬ್ಬರೂ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಮಾಡುವ ಮುಂಚೆಯೇ ಆಯ್ಕೆ ಮುಗಿದಿತ್ತು. ಐದನೇ ಶತಮಾನದಲ್ಲಿ ಅಗಸ್ಟೀನ್ ಹಿಡಿದ ತರ್ಕವೂ ಇದೇ. ನನ್ನೊಳಗಿನ ಯಾವುದೋ ಒಂದು ಗುಣಕ್ಕೆ ಒಲಿದ ಕೃಪೆ ಕೃಪೆಯಲ್ಲ, ಕೂಲಿ.

ತೆಂಗಲೈ ಶ್ರೀವೈಷ್ಣವರ ಬೆಕ್ಕಿನ ಉಪಮೆ ಇಲ್ಲಿ ನೆರವಿಗೆ ಬಂತು. ಮಂಗನ ಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳಬೇಕು. ಬೆಕ್ಕಿನ ಮರಿಗೆ ಆ ಕೆಲಸವೂ ಇಲ್ಲ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಅವನು ಚಹಾ ಕೆಳಗಿಟ್ಟ. “ಕೆಲವು ಮರಿ ಬಿಟ್ಟೂ ಹೋಗ್ತದಲ್ಲ, ಬೆಕ್ಕು?”

ಪ್ರಶ್ನೆಯ ಮುಳ್ಳು ಅದೇ. ಕ್ಯಾಲ್ವಿನ್ ಅದನ್ನು ಮುಚ್ಚಿಡಲಿಲ್ಲ. ಬಿಟ್ಟುಹೋದ ಮರಿಗಳೂ ದೇವರ ಚಿತ್ತದಂತೆಯೇ ಬಿಟ್ಟುಹೋದವು ಎಂದ, ಈ ತೀರ್ಪು ಭಯ ಹುಟ್ಟಿಸುವಂಥದ್ದು ಎಂದೂ ಒಪ್ಪಿಕೊಂಡ. 1618-19ರಲ್ಲಿ ಡಚ್ಚರ ನಾಡಿನ ಡಾರ್ಟ್ ಸಭೆ ಈ ಸಿದ್ಧಾಂತವನ್ನು ಎತ್ತಿಹಿಡಿಯಿತು. ನಿಮ್ಮ ಮಧ್ವಾಚಾರ್ಯರಲ್ಲೂ ಮೂರು ಬಗೆಯ ಜೀವರಿದ್ದಾರಲ್ಲ, ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ನಾನು ನೆನಪಿಸಿದೆ. “ಅದಕ್ಕೇ ಅಲ್ಲೇನು ಬಿಟ್ಟು ಬಂದದ್ದು” ಎಂದ. ಆದರೆ ಎರಡೂ ಒಂದೇ ಅಲ್ಲ. ಮಧ್ವಮತದಲ್ಲಿ ಜೀವದ ಯೋಗ್ಯತೆ ಅನಾದಿ, ದೇವರು ಅದನ್ನು ಹುಟ್ಟಿಸಿದವನಲ್ಲ, ಒಳಗಿದ್ದುದನ್ನು ಹೊರಗೆ ತರುವವನು. ಕ್ಯಾಲ್ವಿನ್‌ನಲ್ಲಿ ಮನುಷ್ಯರೆಲ್ಲ ಬಿದ್ದವರೇ, ಒಬ್ಬರಿಗಿಂತ ಒಬ್ಬರು ಮೇಲಲ್ಲ. ಭೇದ ಬರುವುದು ದೇವರ ಆಯ್ಕೆಯಿಂದ ಮಾತ್ರ. ಹೊಣೆಯೆಲ್ಲ ಅವನ ತಲೆಗೇ ಬರುತ್ತದೆ. ಇದು ಹೆಚ್ಚು ಪ್ರಾಮಾಣಿಕ ಎಂದು ನನಗೆ ಅನಿಸುತ್ತದೆ, ತಾಳಿಕೊಳ್ಳುವುದು ಹೆಚ್ಚು ಕಷ್ಟ ಎಂದೂ.

ಈ ಸಿದ್ಧಾಂತವನ್ನು ಉತ್ತಮ ಪುರುಷದಲ್ಲಿ ಮಾತ್ರ ಹೇಳಬೇಕು ಎಂಬುದು ನನ್ನ ಅಭಿಪ್ರಾಯ. ‘ನನ್ನನ್ನು ಆರಿಸಿದ, ನನ್ನ ಯೋಗ್ಯತೆಯಿಂದಲ್ಲ’ ಎಂದರೆ ಅದು ಹಿಂದಕ್ಕೆ ತಿರುಗಿ ಹೇಳುವ ಕೃತಜ್ಞತೆ. ‘ಅವನನ್ನು ಆರಿಸಲಿಲ್ಲ’ ಎಂದ ಕ್ಷಣ ಅದು ಬೈಗುಳ. ಗೆಳೆಯ ಒಪ್ಪಲಿಲ್ಲ. “ವ್ಯಾಕರಣ ಹೇಳಿ ಪಾರಾದಿ. ಪಟ್ಟಿ ಅಲ್ಲೇ ಅದ.” ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ವೆಸ್ಲಿ ತನ್ನ ಆಪ್ತ ಜಾರ್ಜ್ ವಿಟ್‌ಫೀಲ್ಡ್ ಜೊತೆ 1740ರ ಸುಮಾರಿಗೆ ಇದೇ ವಿಷಯಕ್ಕೆ ಬಹಿರಂಗವಾಗಿ ಜಗಳವಾಡಿದ; ಜಗಳ ಬಗೆಹರಿಯಲಿಲ್ಲ; 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗ ಮಾಡಿದವನೂ ವೆಸ್ಲಿಯೇ.

ಅಣ್ಣನ ವಿಷಯ ಉಳಿದಿತ್ತು. ಪಟ್ಟಿಯನ್ನು ಇಣುಕಿ ನೋಡಲು ಹೋಗಬೇಡಿ ಎಂದು ಕ್ಯಾಲ್ವಿನ್ ಕೂಡ ಎಚ್ಚರಿಸಿದ್ದ ಎಂದು ಹೇಳಹೊರಟವನು ನಿಲ್ಲಿಸಿದೆ. ನನಗೆ ಗೊತ್ತಿಲ್ಲ ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಅವತ್ತು ಬಂದವರೊಳಗ ಒಬ್ಬರರೆ ಹಿಂಗ ಅಂದಿದ್ದರ…” ಎಂದ, ಮಾತು ಮುಗಿಸಲಿಲ್ಲ.

ಹಣೆಬರಹದ ವಾಕ್ಯ ಹೊಡೆದುಹಾಕಿ, ‘ಮೊದಲೇ ಆರಿಸಿಕೊಳ್ಳುವುದು’ ಎಂದು ಬರೆದು ಕಳಿಸಿದ್ದೇನೆ. ಓದುಗರಿಗೆ ಸುಲಭವಾಗುತ್ತಿದ್ದ ಸಾಲನ್ನು ಯಾಕೆ ತೆಗೆದಿರಿ ಎಂದು ಸಂಪಾದಕರ ಮೇಲ್ ಬಂದಿದೆ.