‘ಊಟ ಆಯ್ತಾ?’ ಆದ್ಮೇಲೆ ಇನ್ನೊಂದು ಪ್ರಶ್ನೆ

ಮೈಸೂರಿನ ಹಾಸ್ಟೆಲ್‌ನಲ್ಲಿರೋ ತಮ್ಮನಿಗೆ ಫೋನ್ ಮಾಡಿದಾಗಲೆಲ್ಲ ನಾನು ಕೇಳ್ತಿದ್ದಿದ್ದು ಎರಡೇ: ‘ಊಟ ಆಯ್ತಾ? ಇಂಟರ್ನಲ್ಸ್ ಹೇಗಾಯ್ತು?’ ಹೋದ ತಿಂಗಳು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತಾ ಅವನೇ ಹೇಳಿದ, ‘ಅಕ್ಕ, ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಕ್ಲಾಸಿಗೂ ಹೋಗ್ತಿಲ್ಲ.’

ಬುದ್ಧಿಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಅಲ್ಲೇ ಕೂತು 14416ಕ್ಕೆ ಕರೆ ಮಾಡಿದೆವು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಅದು: ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನು ಮಾತಾಡ್ತಿದ್ದಷ್ಟು ಹೊತ್ತು ನಾನು ದೂರ ಹೋಗಿ ನಿಂತೆ. ಮರುವಾರ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಇಬ್ಬರೂ ಹೋಗಿಬಂದೆವು.

ಈಗ ಅವನ ನಿದ್ದೆ ಸ್ವಲ್ಪ ಸುಧಾರಿಸಿದೆ. ನನ್ನ ಪ್ರಶ್ನೆಯೂ ಬದಲಾಗಿದೆ: ‘ಊಟ ಆಯ್ತಾ? ನಿದ್ದೆ ಬಂತಾ?’ ನೀವೂ ಇವತ್ತು ಕೇಳಿ ನೋಡಿ. ಉತ್ತರಕ್ಕೆ ಸ್ವಲ್ಪ ಕಾಯಿರಿ.